ಕನ್ನಂಬಾಡಿಯ ಅಡಿಪಾಯ ಮತ್ತು ಒಬ್ಬ ಟೀಮ್ ಲೀಡ್

ಸೆಪ್ಟೆಂಬರ್ 15 ಬಂತೆಂದರೆ ಸಾಕು, ಆ ಮೊಂಬತ್ತಿ ಕಥೆ ತಪ್ಪದೆ ಬರುತ್ತೆ. ಸರ್ಕಾರಿ ಕೆಲಸಕ್ಕೆ ಸರ್ಕಾರದ ಮೊಂಬತ್ತಿ, ಸ್ವಂತ ಕಾಗದ ಬರೆಯೋಕೆ ಸ್ವಂತ ಮೊಂಬತ್ತಿ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಈ ಕಥೆ ನನಗೆ ಈ ವರ್ಷ ಏಳು ಕಡೆಯಿಂದ ಬಂತು. ಅದರಲ್ಲಿ ಎರಡು ನಮ್ಮ ಆಫೀಸಿನ ಎಚ್ಚಾರ್‌ನವರಿಂದಲೇ :)

ಕಥೆ ಚೆನ್ನಾಗಿದೆ, ಬೇಡ ಅನ್ನಲ್ಲ. ಆದರೆ ನನಗೆ ಆ ವಾರ ಬೇಕಾಗಿದ್ದದ್ದು ಬೇರೆ. ಹಿಂದಿನ ವರ್ಷ ನನ್ನನ್ನು ಟೀಮ್ ಲೀಡ್ ಮಾಡಿದ್ದರು. ಆರು ಜನರ ತಂಡ. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಕೋಡ್ ಬರೆಯೋದು, ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕೋದು, ಇಷ್ಟೇ. ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ 'ಇಂಡಸ್ಟ್ರಿಯಲ್ ಮ್ಯಾನೇಜ್‌ಮೆಂಟ್' ಅಂತ ಒಂದು ಪೇಪರ್ ಇತ್ತು. ಪರೀಕ್ಷೆಯ ಹಿಂದಿನ ರಾತ್ರಿ ಸೀನಿಯರ್ ಒಬ್ಬರ ನೋಟ್ಸಿನ ಜೆರಾಕ್ಸ್ ಓದಿ ಪಾಸಾಗಿದ್ದೆವು. ಲೀಡ್ ಆದಮೇಲೆ ಎರಡು ದಿನ ಹೋಟೆಲೊಂದರಲ್ಲಿ ಟ್ರೈನಿಂಗ್ ಕೊಟ್ಟರು. ಒಳ್ಳೆ ಊಟ. ಚಂದ್ರನ ಮೇಲೆ ಮನುಷ್ಯ ಇಳಿದ ಕಥೆ, ಟೈಟಾನಿಕ್ ಮುಳುಗಿದ ಕಥೆ, ಜಪಾನಿನ ಕಾರು ಫ್ಯಾಕ್ಟರಿ ಕಥೆ ಎಲ್ಲ ಬಂತು. ಅಲ್ಲಿಂದ ಹೆಚ್ಚೆಂದರೆ 20 ಕಿಲೋಮೀಟರ್ ದೂರದಲ್ಲಿ 20 ವರ್ಷ ನಡೆದ ಒಂದು ಪ್ರಾಜೆಕ್ಟು ನಿಂತಿದೆಯಲ್ಲ, ಅದರ ಬಗ್ಗೆ ಒಂದು ಸ್ಲೈಡೂ ಇರಲಿಲ್ಲ.

ನಾವು ಮೈಸೂರಿನವರು ಕೆ.ಆರ್.ಎಸ್.ಗೆ ನೆಂಟರು ಬಂದಾಗ ಮಾತ್ರ ಹೋಗೋದು. ಬೃಂದಾವನ ನೋಡಿ, ಚುರುಮುರಿ ತಿಂದು, ಕಾರಂಜಿ ಕುಣಿಯೋದನ್ನು ನೋಡಿ ವಾಪಸ್ ಬರೋದು. ನಾನೂ ಹಾಗೇ ಇದ್ದೆ. ಆದರೆ ಲೀಡ್ ಆದ ಆರು ತಿಂಗಳಿಗೆ ನಾನು ಮಾಡಿದ ಒಂದು ಎಡವಟ್ಟಿನಿಂದ ಆ ಅಣೆಕಟ್ಟಿನ ಇತಿಹಾಸ ಓದಬೇಕಾಯಿತು. ಎಡವಟ್ಟು ಏನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗಲ್ಲ.

ಕಸ್ಟಮರ್ ಹೊರದೇಶದವರು. ಅವರ ಒಂದು ಗೋದಾಮಿನ ದಾಸ್ತಾನು ಲೆಕ್ಕ ಇಡೋ ಸಾಫ್ಟ್‌ವೇರ್ ಬೇಕು ಅಂದಿದ್ದರು. ಒಂದೇ ಗೋದಾಮು. ಅವರಿಗೆ ನಾಲ್ಕು ದೇಶದಲ್ಲಿ ಗೋದಾಮು ಇದೆ ಅಂತ ನನಗೆ ಗೊತ್ತಿತ್ತು. ಇವತ್ತಲ್ಲ ನಾಳೆ ಎಲ್ಲದಕ್ಕೂ ಕೇಳೇ ಕೇಳ್ತಾರೆ ಅಂತ ನಾನೇ ಲೆಕ್ಕ ಹಾಕಿ, ಡೇಟಾಬೇಸನ್ನು ನಾಲ್ಕು ದೇಶ, ನಾಲ್ಕು ಕರೆನ್ಸಿ, ಎಷ್ಟು ಗೋದಾಮು ಬೇಕಾದರೂ ಹಿಡಿಸೋ ಹಾಗೆ ಹಾಕಿಸಿದೆ. ಯಾರನ್ನೂ ಕೇಳಲಿಲ್ಲ. ಆರು ವಾರ ಹೆಚ್ಚು ಹಿಡಿಯಿತು. ತಂಡದ ಹುಡುಗರು ಶನಿವಾರ ಎಲ್ಲ ಬಂದು ಕೂತರು. ಕೊನೆಗೆ ಡೆಮೋ ದಿನ ಕಸ್ಟಮರ್ ಕಡೆಯ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: ನಮ್ಮದು ಒಂದು ಗೋದಾಮು, ಪ್ರತಿ ಪರದೆಯಲ್ಲೂ ದೇಶ ಯಾವುದು ಅಂತ ಯಾಕೆ ಕೇಳ್ತಾ ಇದೆ?

ನಾನು 'ಮುಂದೆ ಅನುಕೂಲ ಆಗುತ್ತೆ' ಅಂದೆ. ಆ ಕಡೆ ತುಂಬಾ ಹೊತ್ತು ಸದ್ದೇ ಇರಲಿಲ್ಲ...

ಆ ಭಾನುವಾರ ಮಂಡ್ಯದಲ್ಲಿ ನನ್ನ ಸೋದರಮಾವನ ಮನೆಗೆ ಹೋಗಿದ್ದೆ. ಮಾವ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು, ನಾಲೆ ಕೆಲಸದಲ್ಲೇ ಕೂದಲು ನೆರೆದದ್ದು. ನನ್ನ ಗೋಳು ಕೇಳಿ ನಕ್ಕರು. "ನೀನು ಕನ್ನಂಬಾಡಿ ಪಾಯ ಹಾಕಿದೀಯ ಕನಯ್ಯ. ಆದ್ರೆ ನಿನ್ನ ಹಿಂದೆ ಮಹಾರಾಜ್ರು ಇರ್‌ಲಿಲ್ಲ" ಅಂದರು.

ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ಅದರ ಹಿಂದೆ ಬಿದ್ದು ಓದಿದ್ದೇ ಈ ಬರಹ.

ಕಥೆ ಶುರುವಾಗೋದು ಕನ್ನಂಬಾಡಿಯಲ್ಲಿ ಅಲ್ಲ, ಶಿವನಸಮುದ್ರದಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲ. ಕಾವೇರಿ ಬೀಳುವ ಜಾಗದಲ್ಲಿ ಕರೆಂಟು ತಯಾರಿಸಬಹುದು ಅನ್ನೋದು ಇಂಜಿನಿಯರುಗಳಿಗೆ ಹೊಳೆದಿತ್ತು. ಆದರೆ ಮಾಡಿದ ಕರೆಂಟನ್ನು ಕೊಳ್ಳೋರು ಯಾರು? ಆಗ ಬೆಂಗಳೂರಿನ ಬೀದಿಗೂ ದೀಪ ಇಲ್ಲ, ಮೈಸೂರಿನ ಬೀದಿಗೂ ಇಲ್ಲ. ದುಡ್ಡು ಕೊಡಬಲ್ಲ ಗಿರಾಕಿ ಒಬ್ಬರೇ: ಕೋಲಾರದ ಚಿನ್ನದ ಗಣಿಗಳು, ಅಂದರೆ ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಕಂಪನಿಗಳು. ಅವು ಇರೋದು ಸುಮಾರು 147 ಕಿಲೋಮೀಟರ್ ಆಚೆ. ಅಷ್ಟು ದೂರ ತಂತಿಯ ಮೇಲೆ ವಿದ್ಯುತ್ ಕಳಿಸಿದ ಉದಾಹರಣೆ ಆಗ ಪ್ರಪಂಚದಲ್ಲೇ ಇರಲಿಲ್ಲ. ಡೆಪ್ಯುಟಿ ಚೀಫ್ ಇಂಜಿನಿಯರ್ ಆಗಿದ್ದ ಜೋಲಿ ಡಿ ಲಾಟ್‌ಬಿನಿಯರ್, ಕೆನಡಾದ ಕ್ವಿಬೆಕ್ ಕಡೆಯವರು, ಅಮೆರಿಕ ಯೂರೋಪು ಸುತ್ತಿ ಯಂತ್ರ ಮಾಡುವವರನ್ನೆಲ್ಲ ಮಾತಾಡಿಸಿ ಬಂದರು. ಜನರಲ್ ಎಲೆಕ್ಟ್ರಿಕ್‌ನಿಂದ ವಿದ್ಯುತ್ ಯಂತ್ರ, ಸ್ವಿಟ್ಜರ್ಲೆಂಡಿನ ಎಶರ್ ವಿಸ್‌ನಿಂದ ಟರ್ಬೈನು. ರೈಲಿನಲ್ಲಿ ಮದ್ದೂರಿಗೆ ಬಂದ ಭಾರೀ ಸಾಮಾನನ್ನು ಅಲ್ಲಿಂದ ಆನೆ ಎತ್ತು ಕಟ್ಟಿ ಎಳೆಸಿದರು. 1902ರ ಜೂನ್ 30ರಂದು ಕೋಲಾರಕ್ಕೆ ಕರೆಂಟು ಹರಿಯಿತು. ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು, ನೋಡಲಿಲ್ಲ.

ಇಲ್ಲಿ ನಾನು ಗಮನಿಸಿದ್ದು ಕ್ರಮ. ಮೊದಲು ಗಿರಾಕಿ, ಆಮೇಲೆ ಯಂತ್ರ. ಬೆಂಗಳೂರಿಗೆ ಬೀದಿ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ನಮ್ಮ ಪಠ್ಯಪುಸ್ತಕದಲ್ಲಿ 'ಏಷ್ಯಾದಲ್ಲೇ ಮೊದಲು ದೀಪ ಬೆಳಗಿದ ನಗರ' ಅಂತ ಬೆಂಗಳೂರಿನ ಬಗ್ಗೆ ಹೆಮ್ಮೆಯಿಂದ ಓದಿದ್ದೆವು. ಆ ದೀಪದ ಬೆಲೆಯನ್ನು ಮೊದಲೇ ಕಟ್ಟಿದ್ದು ಕೋಲಾರದ ಗಣಿ ಅಂತ ಯಾರೂ ಹೇಳಿರಲಿಲ್ಲ.

ಆದರೆ ಒಂದು ತೊಂದರೆ. ಕಾವೇರಿ ಬೇಸಿಗೆಯಲ್ಲಿ ಸೊರಗಿಬಿಡುತ್ತಾಳೆ. ನೀರು ಕಮ್ಮಿ ಆದರೆ ಟರ್ಬೈನು ತಿರುಗಲ್ಲ, ಗಣಿಗೆ ಕರೆಂಟು ಕಮ್ಮಿ. ಗಣಿಯವರು ಇನ್ನೂ ಹೆಚ್ಚು ಬೇಕು ಅಂತಿದ್ದಾರೆ. ಮೇಲೆಲ್ಲೋ ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡಬೇಕು. ಹೇಮಾವತಿ, ಲಕ್ಷ್ಮಣತೀರ್ಥ ಎರಡೂ ಕಾವೇರಿಗೆ ಸೇರುವ ಕನ್ನಂಬಾಡಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಆ ಜಾಗದ ಮೇಲೆ ಕಣ್ಣು ಬಿದ್ದದ್ದು ವಿಶ್ವೇಶ್ವರಯ್ಯನವರದ್ದೇ ಮೊದಲೇನಲ್ಲ. ಅಡಿಪಾಯ ಅಗೆಯುವಾಗ ಸಿಕ್ಕ ಟಿಪ್ಪು ಸುಲ್ತಾನನ ಕಾಲದ ಪಾರಸಿ ಶಾಸನ ಇವತ್ತಿಗೂ ಅಣೆಕಟ್ಟಿನ ಬಾಗಿಲ ಬಳಿ ಇದೆ. (ಅದರ ಮೇಲೆ ನಡೆಯುವ ಜಗಳ ನನಗೆ ಬೇಡ. ಕಲ್ಲು ಹಾಕೋದು ಬೇರೆ, ಕಟ್ಟಿ ಮುಗಿಸೋದು ಬೇರೆ ಅನ್ನೋದು ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು.)

ವಿಶ್ವೇಶ್ವರಯ್ಯ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದದ್ದು 1909ರ ನವೆಂಬರಿನಲ್ಲಿ. ಬೊಂಬಾಯಿ ಸರ್ಕಾರದ ನೌಕರಿ ಬಿಟ್ಟು, ಹೊರದೇಶ ಸುತ್ತಿ, 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿನ ಕೆಲಸ ಮುಗಿಸಿ ಬಂದವರು. ವಯಸ್ಸು ಐವತ್ತರ ಹತ್ತಿರ. ನಾವು ಅವರನ್ನು ಯಾವಾಗಲೂ ಪೇಟ ತೊಟ್ಟ ಮುದುಕರ ಫೋಟೋದಲ್ಲೇ ನೋಡೋದರಿಂದ ಅವರು ಹುಟ್ಟಿದ್ದೇ ದಿವಾನರಾಗಿ ಅನ್ನಿಸಿಬಿಡುತ್ತೆ. ಇಪ್ಪತ್ತೈದು ವರ್ಷ ಕೈಕೆಳಗಿನ ಹುದ್ದೆಗಳಲ್ಲಿ ನಾಲೆ, ಕೊಳಾಯಿ, ಚರಂಡಿ ಅಂತ ಓಡಾಡಿದ ಮೇಲೆ ಅವರಿಗೆ ಕನ್ನಂಬಾಡಿ ಸಿಕ್ಕಿದ್ದು. ಲೀಡ್ ಆದ ಆರು ತಿಂಗಳಿಗೇ ನಾಲ್ಕು ದೇಶಕ್ಕೆ ಅಡಿಪಾಯ ಹಾಕಿದವನು ಇದನ್ನು ಓದಿ ಸ್ವಲ್ಪ ತಲೆ ತಗ್ಗಿಸಬೇಕಾಯಿತು.

ಅವರ ಯೋಜನೆಗೆ ಮೊದಲು ಸಿಕ್ಕಿದ್ದು ಹಣಕಾಸು ಇಲಾಖೆಯ ವಿರೋಧ. ಇಷ್ಟು ದೊಡ್ಡ ಮೊತ್ತ ಹಾಕಿ ನೀರು ಶೇಖರಿಸಿದರೆ ಆ ನೀರಿಗೆ, ಆ ಕರೆಂಟಿಗೆ ಬೇಡಿಕೆ ಎಲ್ಲಿದೆ ಅನ್ನೋದು ಅವರ ಪ್ರಶ್ನೆ. ಅದು ಮೂರ್ಖ ಪ್ರಶ್ನೆ ಏನಲ್ಲ. ನೀರಾವರಿಯ ಲೆಕ್ಕ ಹೇಗಿರುತ್ತೆ ನೋಡಿ: ಅಣೆಕಟ್ಟು ಆಗಬೇಕು, ನಾಲೆ ಆಗಬೇಕು, ಹೊಲ ಸಮ ಮಾಡಬೇಕು, ರೈತ ಹೊಸ ಬೆಳೆ ಕಲಿಯಬೇಕು. ಕಂದಾಯ ಬರೋ ಹೊತ್ತಿಗೆ ಹಾಕಿದ ಸಾಲದ ಬಡ್ಡಿ ಬೆಳೆದು ನಿಂತಿರುತ್ತೆ. ನೀರಾವರಿಯೊಂದನ್ನೇ ಹಿಡಿದುಕೊಂಡು ಹೋಗಿದ್ದರೆ ಕಡತ ಅಲ್ಲೇ ಧೂಳು ತಿನ್ನುತ್ತಿತ್ತು. ಕನ್ನಂಬಾಡಿ ಬದುಕಿದ್ದು ಕರೆಂಟಿನಿಂದ. ಗೋಡೆ ಪೂರ್ತಿ ಏಳೋದಕ್ಕೆ ಮುಂಚೆಯೇ, ಎದ್ದಷ್ಟು ಎತ್ತರಕ್ಕೆ ನೀರು ನಿಲ್ಲಿಸಿ ಬೇಸಿಗೆಯಲ್ಲಿ ಶಿವನಸಮುದ್ರಕ್ಕೆ ಬಿಟ್ಟರೆ ಗಣಿಯಿಂದ ದುಡ್ಡು ಬರೋಕೆ ಶುರು. ನಾಲೆ ಆಮೇಲೆ.

ನಾವು ಈಗ ದೊಡ್ಡದಾಗಿ 'ಫೇಸ್ ಒನ್, ಫೇಸ್ ಟೂ' ಅಂತೀವಲ್ಲ, ಅದು ಇದೇ. ಫೇಸ್ ಒನ್ ತನ್ನ ಅನ್ನ ತಾನೇ ದುಡಿಯಬೇಕು. ನನ್ನ ಗೋದಾಮಿನ ಪ್ರಾಜೆಕ್ಟಿನಲ್ಲಿ ಮೊದಲ ಹಂತ ಮುಗಿದರೂ ಕಸ್ಟಮರ್‌ಗೆ ಒಂದು ರೂಪಾಯಿ ಹೆಚ್ಚು ಲಾಭ ಬರುತ್ತಿರಲಿಲ್ಲ. ದೇಶ ಯಾವುದು ಅಂತ ಕೇಳೋ ಪರದೆ ಮಾತ್ರ ಬರುತ್ತಿತ್ತು :(

ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಕಡತವನ್ನು ಮತ್ತೆ ತೆಗೆಸಿದರು. 1911ರ ಅಕ್ಟೋಬರಿನಲ್ಲಿ 81 ಲಕ್ಷ ರೂಪಾಯಿಗೆ ಮಂಜೂರಾತಿ ಸಿಕ್ಕಿತು, ನವೆಂಬರಿನಲ್ಲಿ ಕೆಲಸ ಶುರು. ಅಣೆಕಟ್ಟಿಗಾಗಿ ಅರಮನೆಯ ಒಡವೆ ಮಾರಿದರು ಅನ್ನೋ ಕಥೆಯನ್ನು ಮೈಸೂರಿನ ಪ್ರತಿ ಮನೆಯಲ್ಲೂ ಅಜ್ಜಿಯರು ಹೇಳ್ತಾರೆ. ಒಡವೆಯ ಕಥೆಗೆ ಕೊಡುವಷ್ಟು ಮರ್ಯಾದೆಯನ್ನು ನಾವು ಆ ಮಂಜೂರಾತಿ ಆದೇಶಕ್ಕೆ ಕೊಡೋದಿಲ್ಲ. ಹಣಕಾಸಿನವರು ಬೇಡ ಅಂದಮೇಲೂ ಓದಿ, ಕೇಳಿ, ತೀರ್ಮಾನ ಮಾಡಿ ಸಹಿ ಹಾಕಿ, ಆಮೇಲೆ ಆ ಸಹಿಗೆ ಇಪ್ಪತ್ತು ವರ್ಷ ಬದ್ಧರಾಗಿ ನಿಂತರಲ್ಲ, ಅಂಥವರು ಮೇಲೆ ಇಲ್ಲದಿದ್ದರೆ ಕೆಳಗಿನ ಇಂಜಿನಿಯರ್ ಎಷ್ಟು ಬುದ್ಧಿವಂತನಾದರೂ ಅಷ್ಟೇ.

ಈಗ ಅಡಿಪಾಯದ ಕಥೆ. ಮಾವ ಹೇಳಿದ್ದು ಇದನ್ನೇ.

ಮೈಸೂರು ಸಂಸ್ಥಾನ ತನ್ನ ನದಿಯ ಮೇಲೆ ತನಗೆ ಬೇಕಾದ ಹಾಗೆ ಕಟ್ಟುವ ಹಾಗಿರಲಿಲ್ಲ. 1892ರ ಒಪ್ಪಂದದ ಪ್ರಕಾರ ಕೆಳಗಿನ ಮದ್ರಾಸ್ ಸರ್ಕಾರದ ಒಪ್ಪಿಗೆ ಬೇಕು. ತಂಜಾವೂರಿನ ಗದ್ದೆಗಳು ತಲತಲಾಂತರದಿಂದ ಕಾವೇರಿ ನೀರು ಕುಡಿದು ಬೆಳೆದವು, ಅವರ ಹೆದರಿಕೆಯಲ್ಲಿ ಸುಳ್ಳೇನೂ ಇರಲಿಲ್ಲ. ಮೈಸೂರು ಕೇಳಿದ್ದು 41.5 ಟಿಎಂಸಿ ಹಿಡಿಯುವ ಜಲಾಶಯ. ಒಪ್ಪಿಗೆ ಸಿಕ್ಕಿದ್ದು 11 ಟಿಎಂಸಿಗೆ. ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು.

ಕನ್ನಂಬಾಡಿಯಂಥ ಕಲ್ಲಿನ ಕಟ್ಟೆ ನೀರನ್ನು ತಡೆಯೋದು ತನ್ನ ಭಾರದಿಂದ. ಎತ್ತರ ಏರಿದಷ್ಟೂ ಬುಡ ಅಗಲ ಬೇಕು; ಸ್ಥೂಲವಾಗಿ ಎತ್ತರದ ಮೂರರಲ್ಲಿ ಎರಡು ಭಾಗದಷ್ಟಾದರೂ. ಚಿಕ್ಕ ಎತ್ತರಕ್ಕೆ ಅಂತ ಕಿರಿದಾದ ಬುಡ ಹಾಕಿಬಿಟ್ಟರೆ ಆಮೇಲೆ ಒಪ್ಪಿಗೆ ಸಿಕ್ಕಿತು ಅಂತ ಮೇಲೆ ಗೋಡೆ ಏರಿಸೋಕಾಗಲ್ಲ. ಹಿಂದೆ ನೀರು ನಿಂತಮೇಲೆ ಬುಡ ಅಗಲಿಸೋದು, ಹಳೆ ಕಲ್ಲುಕೆಲಸಕ್ಕೆ ಹೊಸದನ್ನು ಬೆಸೆಯೋದು ತಲೆನೋವಿನ ಕೆಲಸ, ದುಡ್ಡೂ ದುಪ್ಪಟ್ಟು. ಮಹಡಿ ಮನೆ ಕಟ್ಟೋ ಆಸೆ ಇರೋರು ನೆಲಮಾಳಿಗೆಯ ಕಂಬವನ್ನೇ ದಪ್ಪ ಹಾಕಿಸ್ತಾರಲ್ಲ, ಹಾಗೆ.

ವಿಶ್ವೇಶ್ವರಯ್ಯ ದೊಡ್ಡ ಕಟ್ಟೆಯ ಅಳತೆಗೇ ಬುಡ ಹಾಕಿಸಿದರು. ಒಪ್ಪಿಗೆ 11ಕ್ಕೆ, ಅಡಿಪಾಯ 41.5ಕ್ಕೆ.

ಇದನ್ನು ಓದಿದಾಗ ನನಗೆ ಖುಷಿಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ನೋಡಿ, ವಿಶ್ವೇಶ್ವರಯ್ಯನೂ ನನ್ನ ಹಾಗೇ! ಆದರೆ ಮುಂದೆ ಓದುತ್ತಾ ಹೋದಂತೆ ಖುಷಿ ಇಳಿಯಿತು.

ಮದ್ರಾಸ್ ಸುಮ್ಮನಿರಲಿಲ್ಲ. ಹೊಳೆಯ ನಟ್ಟನಡುವೆ ಹಾಕುವ ಪಾಯ ಮುಚ್ಚಿಡೋ ವಸ್ತುವೂ ಅಲ್ಲ. ನಾವು ಒಪ್ಪಿದ್ದು ಚಿಕ್ಕದಕ್ಕೆ, ನೀವು ದೊಡ್ಡದಕ್ಕೆ ತಯಾರಿ ಮಾಡ್ತಾ ಇದೀರಿ ಅಂತ ಜಗಳ ಎದ್ದಿತು. 1892ರ ಒಪ್ಪಂದದಲ್ಲೇ ತಕರಾರು ಬಂದರೆ ಪಂಚಾಯಿತಿಗೆ ಹೋಗಬೇಕು ಅನ್ನೋ ಕಲಮು ಇತ್ತು. 1913ರಲ್ಲಿ ಸರ್ ಎಚ್. ಡಿ. ಗ್ರಿಫಿನ್ ಮಧ್ಯಸ್ಥರಾದರು, ಭಾರತ ಸರ್ಕಾರದ ನೀರಾವರಿ ಇನ್ಸ್‌ಪೆಕ್ಟರ್ ಜನರಲ್ ನೆದರ್‌ಸೋಲ್ ತಾಂತ್ರಿಕ ಸಲಹೆಗೆ. ನದಿಯಲ್ಲಿ ಯಾವ ತಿಂಗಳು ಎಷ್ಟು ನೀರು ಬರುತ್ತೆ, ಕೆಳಗೆ ಎಷ್ಟು ಬಿಡಬೇಕು ಅನ್ನೋ ಲೆಕ್ಕದ ಮೇಲೆ ವಾದ ನಡೆಯಿತು. 1914ರ ಮೇ 12ರಂದು ತೀರ್ಪು. ಕೆಳಗಿನವರಿಗೆ ಮೊದಲಿನಿಂದ ಬರುತ್ತಿರುವ ನೀರಿಗೆ ಧಕ್ಕೆಯಾಗದ ಹಾಗೆ ನಿಯಮ ಹಾಕಿ ದೊಡ್ಡ ಜಲಾಶಯಕ್ಕೆ ದಾರಿ ಮಾಡಿಕೊಟ್ಟಿತು. 1916ರಲ್ಲಿ ಭಾರತ ಸರ್ಕಾರ ಅದನ್ನು ಒಪ್ಪಿತು. ಮದ್ರಾಸ್ ಒಪ್ಪದೆ ಲಂಡನ್ನಿನವರೆಗೆ ಹೋಯಿತು. ಮಾತುಕತೆ ಮತ್ತೆ ಎಂಟು ವರ್ಷ. ಕೊನೆಗೆ 1924ರ ಫೆಬ್ರವರಿ 18ರಂದು ಎರಡೂ ಕಡೆ ಸಹಿ ಬಿತ್ತು. ಮೈಸೂರಿಗೆ ಕನ್ನಂಬಾಡಿ ಮತ್ತು ಅದರ ಕೆಳಗೆ 1.25 ಲಕ್ಷ ಎಕರೆ ಹೊಸ ನೀರಾವರಿ, ಮದ್ರಾಸಿಗೆ ಮೆಟ್ಟೂರು. ಮೆಟ್ಟೂರು 1934ರಲ್ಲಿ ಮುಗಿಯಿತು.

ಅಂದರೆ ಅಡಿಪಾಯಕ್ಕೂ ಸಹಿಗೂ ನಡುವೆ ಹನ್ನೆರಡು ವರ್ಷ. ಆ ಹನ್ನೆರಡು ವರ್ಷವೂ ಒಂದು ಕಡೆ ಕಲ್ಲು ಏರುತ್ತಿತ್ತು, ಇನ್ನೊಂದು ಕಡೆ ಕಾಗದ ಓಡುತ್ತಿತ್ತು. ಕಾಗದ ಸೋತಿದ್ದರೆ ಆ ಅಗಲವಾದ ಬುಡ ಸುಮ್ಮನೆ ಹೂತುಹೋದ ದುಡ್ಡು. ಆ ನಷ್ಟದ ಸಾಧ್ಯತೆ ಗೊತ್ತಿದ್ದೇ ಅದನ್ನು ಹೊತ್ತವರು ಮೈಸೂರಿನವರು, ದುಡ್ಡು ಮೈಸೂರಿನದ್ದು, ದುಡ್ಡಿನ ಯಜಮಾನರಿಗೆ ವಿಷಯ ಗೊತ್ತಿತ್ತು. ನನ್ನ ಕೇಸಿನಲ್ಲಿ? ಆರು ವಾರದ ದುಡ್ಡು ಕಸ್ಟಮರ್‌ದು, ಶನಿವಾರಗಳು ನನ್ನ ತಂಡದವು, ತೀರ್ಮಾನ ಮಾತ್ರ ನನ್ನದು. ಮಾವ ಮಹಾರಾಜರು ಅಂದದ್ದು ಇದಕ್ಕೇ.

ಇಷ್ಟಾದರೂ ವಿಶ್ವೇಶ್ವರಯ್ಯ ಮಾಡಿದ್ದು ಪೂರ್ತಿ ಸರಿ ಅಂತ ನನಗೆ ಹೇಳೋಕಾಗಲ್ಲ. ಇಂಜಿನಿಯರ್ ಆಗಿ ನೋಡಿದರೆ ಬೇರೆ ದಾರಿಯೇ ಇರಲಿಲ್ಲ. ಆದರೆ ಪಕ್ಕದ ಮನೆಯವನಿಗೆ ಒಂದು ಹೇಳಿ ಗೋಡೆ ಇನ್ನೊಂದು ಅಳತೆಗೆ ಹಾಕಿದರೆ ಆಮೇಲೆ ನಾವು ನಿಜ ಹೇಳಿದರೂ ಅವನು ನಂಬಲ್ಲ. 1924ರ ಒಪ್ಪಂದ 1974ರಲ್ಲಿ ಐವತ್ತು ವರ್ಷ ಮುಗಿಸಿತು. 1990ರಲ್ಲಿ ಟ್ರಿಬ್ಯೂನಲ್, 2007ರಲ್ಲಿ ಅದರ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ಮಂಡ್ಯದಲ್ಲಿ ರಸ್ತೆ ತಡೆ ಆದಾಗಲೆಲ್ಲ ಬೆಂಗಳೂರಿನ ಬಸ್ಸಿಗೆ ಕಾದು ನಿಂತವರಲ್ಲಿ ನಾನೂ ಒಬ್ಬ. ಜಗಳಕ್ಕೆಲ್ಲ ಆ ಪಾಯವೇ ಕಾರಣ ಅಂದರೆ ಅನ್ಯಾಯ. ಮಳೆ ಕೈಕೊಟ್ಟ ವರ್ಷ ಯಾವ ಒಪ್ಪಂದವೂ ಸಾಲದು. ಆದರೆ ಅಪನಂಬಿಕೆಗೂ ಒಂದು ಅಡಿಪಾಯ ಇರುತ್ತೆ.

ಕಟ್ಟಿದ ರೀತಿಯ ಬಗ್ಗೆ ಸ್ವಲ್ಪ. ಆಗ ನಮ್ಮ ದೇಶದಲ್ಲಿ ಸಿಮೆಂಟ್ ತಯಾರಿಕೆ ಇನ್ನೂ ನೆಲೆಯೂರಿರಲಿಲ್ಲ, ಹೊರಗಿಂದ ತರಿಸಿದರೆ ಕೈಗೆಟುಕದ ಬೆಲೆ. ಹಾಗಾಗಿ ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ ಸೇರಿಸಿದ ಸುರ್ಕಿ ಗಾರೆಯಲ್ಲೇ ಕಟ್ಟಿದರು. ಸುಮಾರು 10 ಸಾವಿರ ಜನ ಕೆಲಸ ಮಾಡಿದರು. ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೆ ಕೆಲಸ ನಿಂತುಹೋಗುತ್ತೆ, ಆದ್ದರಿಂದ ಒಂದು ಬೇಸಿಗೆಯಲ್ಲಿ ಇಷ್ಟು ಎತ್ತರ ಏರಲೇಬೇಕು, ಇಲ್ಲದಿದ್ದರೆ ಒಂದು ವರ್ಷವೇ ಹೋಯಿತು. ರಾತ್ರಿ ದೀಪ ಹಾಕಿಕೊಂಡು ಕಟ್ಟಿದರು. ಕ್ಯಾಂಪಿನಲ್ಲಿ ಮಲೇರಿಯಾ. ನಮ್ಮ ಆಫೀಸಿನಲ್ಲಿ 'ಡೆಡ್‌ಲೈನ್' ಅಂದಾಗ ಹೆಚ್ಚೆಂದರೆ ಪಿಜ್ಜಾ ತರಿಸಿ ರಾತ್ರಿ ಹನ್ನೊಂದಕ್ಕೆ ಮನೆಗೆ ಕ್ಯಾಬ್ ಹಿಡೀತೀವಿ. ಹೊಳೆ ಹಾಕಿದ ಡೆಡ್‌ಲೈನನ್ನು ಯಾರಿಗೆ ಇಮೇಲ್ ಕಳಿಸಿ ಮುಂದೂಡೋದು?

ಆ 10 ಸಾವಿರ ಜನರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿರಲಾರದು. ನಮಗೆ ಗೊತ್ತಿರೋ ಹೆಸರು ಒಂದು. ಅದರಲ್ಲೂ ಒಂದು ತಮಾಷೆ ಇದೆ: ಆ ಒಂದು ಹೆಸರಿನವರು ಅಣೆಕಟ್ಟು ಮುಗಿದಾಗ ಕುರ್ಚಿಯಲ್ಲಿರಲಿಲ್ಲ.

1912ರ ಕೊನೆಗೇ ಅವರು ದಿವಾನರಾದರು. ಒಂದು ಅಣೆಕಟ್ಟಿನ ಜೊತೆಗೆ ಇಡೀ ಸಂಸ್ಥಾನದ ಹೊರೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. 1918ರ ಡಿಸೆಂಬರಿನಲ್ಲಿ ಅವರು ದಿವಾನಗಿರಿ ಬಿಟ್ಟರು. ಅದೇ ವರ್ಷ ಮಹಾರಾಜರು ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಸಾಕಷ್ಟು ಪಾಲು ಸಿಗುವ ಹಾಗೆ ಮಾಡಲು ಮಿಲ್ಲರ್ ಸಮಿತಿ ನೇಮಿಸಿದ್ದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆ ಇರಲಿಲ್ಲ. ಅರ್ಹತೆ ಒಂದೇ ಸಾಕು ಅನ್ನೋದು ಅವರ ನಿಲುವು. ಇಲ್ಲಿ ನಾನು ಮಹಾರಾಜರ ಕಡೆ. ಅರ್ಹತೆ ಸಂಪಾದಿಸೋಕೆ ಶಾಲೆಯ ಬಾಗಿಲು ತೆರೆದಿರಬೇಕು, ಶಾಲೆಗೆ ಕಳಿಸೋ ಮನೆಯಲ್ಲಿ ಒಂದು ನೌಕರಿಯಾದರೂ ಇರಬೇಕು. ನಮ್ಮ ಮಾವ ಇಂಜಿನಿಯರ್ ಆದದ್ದು ಹಾಗೆ. ಎಷ್ಟೇ ದೊಡ್ಡ ಇಂಜಿನಿಯರಿಗೂ ಕಾಣದ ಒಂದು ಮೂಲೆ ಇರುತ್ತೆ ಅಂತ ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಅವರು ಹೋದಮೇಲೆ ಕಾಂತರಾಜ ಅರಸ್, ಆಲ್ಬಿಯನ್ ಬ್ಯಾನರ್ಜಿ, ಮಿರ್ಜಾ ಇಸ್ಮಾಯಿಲ್ ಅಂತ ಮೂವರು ದಿವಾನರು ಬಂದರು. ಮದ್ರಾಸಿನ ಜೊತೆ ಒಪ್ಪಂದಕ್ಕೆ ಸಹಿ ಬಿದ್ದದ್ದು ಬ್ಯಾನರ್ಜಿಯವರ ಕಾಲದಲ್ಲಿ. ಕಟ್ಟೆ ಮುಗಿದದ್ದು 1931ರ ಹೊತ್ತಿಗೆ, ಇಸ್ಮಾಯಿಲ್ ಅವರ ಕಾಲದಲ್ಲಿ. ಉದ್ದ 8,600 ಅಡಿ. ಹುಲಿಕೆರೆಯ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಿ ನಾಲೆಯನ್ನು ಮಂಡ್ಯದ ಕಡೆ ತಿರುಗಿಸಿದರು. ವೈಸ್‌ರಾಯ್ ಹೆಸರಲ್ಲಿ ಇರ್ವಿನ್ ನಾಲೆ ಅಂತಿದ್ದದ್ದು ಈಗ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ. 'ಬೇಡಿಕೆ ಎಲ್ಲಿದೆ' ಅಂತ ಹಣಕಾಸಿನವರು ಕೇಳಿದ್ದ ಪ್ರಶ್ನೆಗೆ ಉತ್ತರ ಬಂದದ್ದು ಇಪ್ಪತ್ತು ವರ್ಷ ಆದಮೇಲೆ, ಕಬ್ಬಿನ ರೂಪದಲ್ಲಿ.

ಒಂದು ಪ್ರಾಜೆಕ್ಟಿನ ಲೀಡ್ ನಡುವೆಯೇ ಬಿಟ್ಟುಹೋದರೆ ನಮ್ಮಲ್ಲಿ ಏನಾಗುತ್ತೆ ಗೊತ್ತಲ್ಲ? ಹೊಸಬ ಬಂದು ಹಳೇದೆಲ್ಲ ಕಸ ಅಂತಾನೆ, ಮೊದಲಿಂದ ಶುರು ಮಾಡೋಣ ಅಂತಾನೆ. ಇಲ್ಲಿ ಹಾಗಾಗಲಿಲ್ಲ. ನಕ್ಷೆ ಇತ್ತು, ಅಂದಾಜು ಇತ್ತು, ತಯಾರಾದ ಇಂಜಿನಿಯರುಗಳಿದ್ದರು, ಬೇಕೋ ಬೇಡವೋ ಬುಡವೂ ದೊಡ್ಡ ಅಳತೆಗೇ ಇತ್ತು. ವಿಶ್ವೇಶ್ವರಯ್ಯನವರ ನಾಯಕತ್ವಕ್ಕೆ ಎಲ್ಲರೂ ಗಡಿಯಾರ, ಶಿಸ್ತು, ಇಸ್ತ್ರಿ ಮಾಡಿದ ಕೋಟು ಅಂತ ಸಾಕ್ಷಿ ಕೊಡ್ತಾರೆ. ಅವರು ಎದ್ದುಹೋದ ಮೇಲೂ ಕೆಲಸ ಹದಿಮೂರು ವರ್ಷ ಅದೇ ಗೆರೆಯಲ್ಲಿ ನಡೆಯಿತಲ್ಲ, ನನ್ನ ಮಟ್ಟಿಗೆ ದೊಡ್ಡ ಸಾಕ್ಷಿ ಅದು.

ಎಲ್ಲವೂ ಹೀಗೆ ಆಯಿತು ಅಂತಲ್ಲ. ಅವರೇ ಹಾಕಿದ ಭದ್ರಾವತಿ ಕಬ್ಬಿಣದ ಕಾರ್ಖಾನೆ ಯುದ್ಧಕಾಲದ ಬೆಲೆ ನೋಡಿ ಶುರುವಾದದ್ದು. 1923ರಲ್ಲಿ ಕಬ್ಬಿಣ ಹೊರಬರೋ ಹೊತ್ತಿಗೆ ಬೆಲೆ ಬಿದ್ದುಹೋಗಿತ್ತು. ದಿವಾನಗಿರಿ ಬಿಟ್ಟಿದ್ದವರನ್ನು ಮತ್ತೆ ಕರೆದು ಅಧ್ಯಕ್ಷರನ್ನಾಗಿ ಕೂರಿಸಿದರು. ಮಾಜಿ ದಿವಾನರು ನಷ್ಟದ ಕಾರ್ಖಾನೆಯೊಂದರ ಲೆಕ್ಕಪತ್ರ ಹಿಡಿದು ವರ್ಷಗಟ್ಟಲೆ ಕೂತರು. ಅದಕ್ಕೆ ಬಂದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಕಸುಬು ಕಲಿಸುವ ಶಾಲೆಗೆ ಕೊಟ್ಟು, ತಮ್ಮ ಹೆಸರಿನ ಬದಲು ಜಯಚಾಮರಾಜೇಂದ್ರರ ಹೆಸರು ಇಡಿಸಿದರು. ಮೊಂಬತ್ತಿ ಬದಲು ಈ ಕಥೆ ಯಾರಾದರೂ ಫಾರ್ವರ್ಡ್ ಮಾಡಬಾರದೇ?

ಹೋದ ತಿಂಗಳು ಮಾವನನ್ನು ಬೈಕಿನಲ್ಲಿ ಕೂರಿಸಿಕೊಂಡು ಕೆ.ಆರ್.ಎಸ್.ಗೆ ಹೋದೆ. ಕಟ್ಟೆಯ ಮೇಲೆ ಈಗ ಜನರನ್ನು ಬಿಡಲ್ಲ. ಆಚೆ ದಡದ ಹೊಸ ಕನ್ನಂಬಾಡಿಗೆ ಸುತ್ತಿಕೊಂಡು ಹೋದೆವು. ವೇಣುಗೋಪಾಲಸ್ವಾಮಿ ದೇವಸ್ಥಾನ ಇರೋದು ಅಲ್ಲಿ. ಮೊದಲು ಅದು ಹಳೇ ಕನ್ನಂಬಾಡಿಯಲ್ಲಿತ್ತು. ಜಲಾಶಯ ತುಂಬಿದಾಗ ಊರಿನ ಜೊತೆ ಮುಳುಗಿ, ಬರಗಾಲದಲ್ಲಿ ನೀರು ಇಳಿದಾಗ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಈಚಿನ ವರ್ಷಗಳಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಕಟ್ಟಿದ್ದಾರೆ. ದೇವರಿಗೆ ಮನೆ ಸಿಗೋಕೆ ಅಷ್ಟು ಕಾಲ ಬೇಕಾಯಿತು.

ಮಾವ ಹಿನ್ನೀರಿನ ಕಡೆ ಕೈ ತೋರಿಸಿ, "ಇದರ ತಳದಾಗೆ ಹಳ್ಳಿಗಳವೆ. ಅವರಿಗೆ ಬೇರೆ ಕಡೆ ಭೂಮಿ ಕೊಟ್ರು, ಇಲ್ಲ ಅನ್ನಕ್ಕಾಗಕಿಲ್ಲ. ಆದ್ರೆ ಪ್ಲಾನ್ ಮಾಡೋವಾಗ ಅವರನ್ನ ಯಾರೂ ಕೇಳ್‌ಲಿಲ್ಲ" ಅಂದರು.

"ಮದ್ರಾಸಿನವರನ್ನ ಕೇಳಿದ್ರಲ್ಲ ಮಾವ?"

"ಮದ್ರಾಸಿನವ್ರ ತಾವ ಒಪ್ಪಂದ ಇತ್ತು. ಇವ್ರ ತಾವ ಏನಿತ್ತು? ಮನೆ, ಹೊಲ, ಅಷ್ಟೇಯ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲೆ ಕೆಲಸದಾಗೆ ನಾನೂ ಎಷ್ಟೋ ಹೊಲದ ಮೇಲೆ ಸುಣ್ಣದ ಗೆರೆ ಎಳೆದಿವ್ನಿ. ಮುಂಚೆ ಹೋಗಿ ಕೇಳಿದ್ದು ಕಮ್ಮಿ" ಅಂದರು. ನಾನು ಏನೂ ಹೇಳಲಿಲ್ಲ. ನನ್ನ ತಂಡದ ಶನಿವಾರಗಳು ನೆನಪಾದವು. ಮುಳುಗಿದ ಊರಿಗೂ ಹೋದ ಶನಿವಾರಕ್ಕೂ ಹೋಲಿಕೆಯೇ ಇಲ್ಲ, ಗೊತ್ತು. ಆದರೂ ನೆನಪಾದವು.

ಪ್ರಾಜೆಕ್ಟಿನ ವಿಷಯ ಏನಾಯಿತು ಅಂತ ಕೇಳಿದರೆ: ಸೋಮವಾರ ಬೆಳಿಗ್ಗೆ ಮೊದಲು ತಂಡವನ್ನು ಕೂರಿಸಿ, ಆರು ವಾರ ಎಲ್ಲಿ ಹೋಯಿತು ಅಂತ ನನ್ನ ಬಾಯಲ್ಲೇ ಹೇಳಿದೆ. ಅವರಲ್ಲಿ ಚಿಕ್ಕವಳು, ಹೋದ ವರ್ಷ ಕಾಲೇಜು ಮುಗಿಸಿ ಬಂದವಳು, "ನಮಗೆ ಆಗಲೇ ಡೌಟ್ ಇತ್ತು ಸರ್, ನೀವು ಕೇಳ್ಲಿಲ್ಲ" ಅಂದಳು. ಆಮೇಲೆ ಕಸ್ಟಮರ್ ಮ್ಯಾನೇಜರಿಗೆ ಎರಡು ಪುಟದ ಪತ್ರ ಬರೆದೆ. ಏನು ಮಾಡಿದ್ದೇನೆ, ಯಾಕೆ ಮಾಡಿದೆ, ಅದಕ್ಕೆ ಎಷ್ಟು ಹಿಡಿಯಿತು, ತೆಗೆದುಹಾಕಿದರೆ ಎಷ್ಟು ಹಿಡಿಯುತ್ತೆ, ಇಟ್ಟುಕೊಂಡರೆ ಏನು ಲಾಭ, ಎಲ್ಲ. ಮೊದಲೇ ಬರೆಯಬೇಕಿದ್ದ ಪತ್ರ.

ಮೂರು ದಿನ ಉತ್ತರ ಇಲ್ಲ. ನಾಲ್ಕನೇ ದಿನ ಬಂತು. ಒಂದೇ ಸಾಲು: ದೇಶದ ಕಲಮು ಪರದೆಯಿಂದ ತೆಗೆಯಿರಿ, ಒಳಗೆ ಇರಲಿ, ಆದರೆ ಆ ಆರು ವಾರದ ಬಿಲ್ಲು ನಾವು ಕೊಡುವುದಿಲ್ಲ.

ಮಾವನಿಗೆ ಫೋನಿನಲ್ಲಿ ಹೇಳಿದೆ. "ಎಲ್ಡು ಪುಟಕ್ಕೆ ಮುಗೀತಾ? ಅವ್ರಿಗೆ ಹನ್ನೆಲ್ಡು ವರ್ಷ ಹಿಡೀತು ಕನಯ್ಯ" ಅಂದು ಫೋನಿಟ್ಟರು.